ಹೊತ್ತು ಮುಳುಗುವ ಮುಂಚಿನ ಪಂಕ್ತಿ

ಸಂಜೆಯ ಬಸ್ಸಿನಲ್ಲಿ ಜೈಬು ಯಾವಾಗಲೂ ಪಡುವಣ ದಿಕ್ಕಿನ ಕಿಟಕಿಗೆ ಕೂಡುತ್ತಿದ್ದಳು. ಕಬ್ಬಿನ ಗದ್ದೆಗಳ ಮೇಲೆ ಸೂರ್ಯ ಕೆಂಪಾಗತೊಡಗಿದ ಕೂಡಲೇ ಮೊಣಕೈಯಿಂದ ನನ್ನನ್ನು ತಿವಿಯುತ್ತಿದ್ದಳು.

"ಸುಶೀಲಾ, ಹೊತ್ತ ಮುಳುಗಾಕತ್ತೈತಿ. ಡಬ್ಬಿ ತಗೀ."

ನಾನು ಜೈನರ ಮನೆಯವಳು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ನೀರನ್ನೂ ಕುಡಿಯುವುದಿಲ್ಲ. ಓಡುವ ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ನನಗೆ ಹೊತ್ತಿನ ಪರಿವೆಯೇ ಇರುತ್ತಿರಲಿಲ್ಲ. ಅವಳಿಗೆ ಇರುತ್ತಿತ್ತು. ರಮಜಾನ್ ಬಂತೆಂದರೆ ನಾವು ಜಾಗ ಬದಲಿಸುತ್ತಿದ್ದೆವು. ಬೆಳಗಿನಿಂದ ಉಪವಾಸವಿದ್ದು ಅವಳು ಸೀಟಿಗೆ ತಲೆ ಆನಿಸಿ ಮಲಗಿರುತ್ತಿದ್ದಳು. ಬಸ್ಸಿನ ಸದ್ದಿನಲ್ಲಿ ಯಾವ ಮಸೂತಿಯ ಕೂಗೂ ಕೇಳುತ್ತಿರಲಿಲ್ಲ. ಆಗ ಕಿಟಕಿ ನನ್ನದು. ಕೊನೆಯ ಕೆಂಪು ಕಬ್ಬಿನ ಗರಿಗಳ ಹಿಂದೆ ಇಳಿದಾಗ, "ಮುಳುಗಿತು, ಜೈಬು" ಎಂದು ಅವಳ ಅಂಗೈಗೆ ಖರ್ಜೂರ ಇಡುತ್ತಿದ್ದೆ. ಒಬ್ಬಳ ಊಟ ಮುಗಿಯುವಲ್ಲಿ ಇನ್ನೊಬ್ಬಳ ಊಟ ಶುರುವಾಗುತ್ತಿತ್ತು. ನಮ್ಮ ನೌಕರಿಯ ಬಹುಪಾಲು ಸಂಜೆಗಳು ಹೀಗೆ ಕಳೆದವು.

ಜೈಬುನ್ನಿಸಾ ಹೋದ ಮಳೆಗಾಲದ ಕೊನೆಗೆ ತೀರಿಕೊಂಡಳು.

ಈಚೆಗೆ ಚಿಕ್ಕೋಡಿಯ ನಮ್ಮ ಹಳೆಯ ಕಚೇರಿಗೆ ಹೊಸದಾಗಿ ಸೇರಿದವರು ಮನೆಗೆ ಬಂದು, "ನಿಮ್ಮ ಕೆಲಸ ಖರೇನ ಹೆಂಗಿತ್ತ, ಬರದ ಕೊಡ್ರಿ ಅಕ್ಕಾರ" ಎಂದು ಕೇಳಿದರು. ನಾನು ಎಸ್ಸೆಸ್ಸೆಲ್ಸಿ ಓದಿದವಳು. ಬರೆದು ರೂಢಿ ಇಲ್ಲ. ಆದರೂ ಬರೆಯಲು ಕುಳಿತಿದ್ದೇನೆ. ಕಾಗವಾಡದ ಆಚೆ ಹೊಳೆ ದಂಡೆಯ ಒಂದು ಊರಿನಲ್ಲಿ ರಮಜಾನಿನ ಒಂದು ಸಂಜೆ ಎರಡು ಓಣಿಯವರು ಒಂದೇ ಅಂಗಳದಲ್ಲಿ ಊಟ ಮಾಡುತ್ತಾರೆ. ಅದನ್ನು ಶುರು ಹಚ್ಚಿಕೊಟ್ಟವರು ನಾವಿಬ್ಬರು. ಜೈಬು ಇಲ್ಲದ ಈ ವರ್ಷ ಆ ಊಟ ಉಳಿಯುತ್ತದೋ, ಅವಳ ಜೊತೆಗೇ ಮುಗಿಯುತ್ತದೋ ಎಂಬ ಚಿಂತೆ ನನ್ನನ್ನು ಹಿಡಿದಿತ್ತು. ಅದನ್ನು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು.

ನಮ್ಮದು ಸಣ್ಣ ಸಂಸ್ಥೆ. ಜಗಳವಾದ ಊರಿಗೆ ಹೋಗಿ ಎರಡೂ ಕಡೆಯವರು ಮತ್ತೆ ಮಾತನಾಡುವಂತೆ ಮಾಡುವುದು ನಮ್ಮ ಕೆಲಸ. ಕಾಗದದ ಮೇಲೆ ಅದಕ್ಕೆ ಸೌಹಾರ್ದ, ಶಾಂತಿ ಎಂಬ ದೊಡ್ಡ ಹೆಸರುಗಳಿದ್ದವು. ನಿಜಕ್ಕೂ ಅದು ಬಸ್ಸಿಗಾಗಿ ಕಾಯುವ, ಹೊಸ್ತಿಲ ಮೇಲೆ ಕೂಡುವ, ಬೈಸಿಕೊಳ್ಳುವ ಕೆಲಸ. ನಿಪ್ಪಾಣಿಯ ತಂಬಾಕಿನ ಘಾಟು, ದಿಗ್ಗೇವಾಡಿಯ ಹೊಳೆಯ ಮೇಲಿನ ಮಂಜು, ಅಥಣಿ ದಾರಿಯಲ್ಲಿ ಒಣದ್ರಾಕ್ಷಿಯ ಶೆಡ್ಡುಗಳಿಂದ ಬರುವ ಸಿಹಿ ವಾಸನೆ. ಕಣ್ಣು ಮುಚ್ಚಿದರೂ ಯಾವ ಊರು ಬಂತೆಂದು ನಮಗೆ ತಿಳಿಯುತ್ತಿತ್ತು. ಈಗಲೂ ನಿದ್ದೆಯಲ್ಲಿ ಆ ಊರುಗಳು ಒಂದರ ಹಿಂದೆ ಒಂದು ಬಂದು ಹೋಗುತ್ತವೆ. ಬಸ್ಸು ಮಾತ್ರ ಎಲ್ಲಿಯೂ ನಿಲ್ಲುವುದಿಲ್ಲ.

ನಮ್ಮಲ್ಲಿ ಒಂದು ನಿಯಮವಿತ್ತು. ಒಬ್ಬರೇ ಹೋಗಬಾರದು. ಬೇರೆ ಬೇರೆ ಧರ್ಮದ ಇಬ್ಬರು ಊರ ಹೆಬ್ಬಾಗಿಲಾದ ಅಗಸಿಯವರೆಗೆ ಕೂಡಿ ಹೋಗಬೇಕು. ಅಲ್ಲಿಂದ ನಾನು ಮಸೂತಿ ಓಣಿಗೆ, ಜೈಬು ಜೈನರ ಬಸ್ತಿ ಓಣಿಗೋ ಗುಡಿ ಓಣಿಗೋ. ತಮ್ಮವರ ಮುಂದೆ ಮಂದಿ ಬಾಯಿಗೆ ಬಂದಂತೆ ಆಡುತ್ತಾರೆ, ಪರ ಓಣಿಯ ಹೆಣ್ಣುಮಗಳು ಹೊಸ್ತಿಲಲ್ಲಿ ಕುಳಿತಿದ್ದರೆ ದನಿ ತಾನಾಗಿ ತಗ್ಗುತ್ತದೆ. ಆ ಮನೆಗೆ ಹೋದ ಕೂಡಲೇ ಮೊದಲು ನೀರು ಕೇಳಬೇಕು. ಇದು ಜೈಬು ಕಂಡುಕೊಂಡ ರೀತಿ.

"ನೀರ ಕೊಟ್ಟ ಮ್ಯಾಲ ಯಾರಿಗೂ ಲಗೂನ ಬೈಯಾಕ ಬರೂದಿಲ್ಲ ನೋಡ. ಅಷ್ಟ್ರೊಳಗ ನಾವ ಕುಂತಬಿಡಬೇಕ" ಎನ್ನುತ್ತಿದ್ದಳು.

ಮೊದಮೊದಲು ಜಗಳ ಊರೊಳಗೇ ಹುಟ್ಟುತ್ತಿತ್ತು. ಆಮೇಲೆ ಮೊಬೈಲಿನಲ್ಲಿ ಬರತೊಡಗಿತು. ನಿಪ್ಪಾಣಿಯಲ್ಲಿ ಒಮ್ಮೆ ಹಿಂದೂ ಮುಸ್ಲಿಮರ ಹೊಡೆದಾಟದ ಒಂದು ವಿಡಿಯೊ ಹಬ್ಬಿ ಬೀಡಿ ಕಟ್ಟುವ ಹೆಂಗಸರು ಒಟ್ಟಿಗೆ ಕೂಡುವುದನ್ನೇ ಬಿಟ್ಟಿದ್ದರು. ನಮ್ಮ ಮೇಲಿನ ಸರ್ ಅದಕ್ಕೆ ಉತ್ತರವಾಗಿ ಇನ್ನೊಂದು ವಿಡಿಯೊ ಮಾಡೋಣವೆಂದರು. ಜೈಬು ಮೊದಲಿನ ವಿಡಿಯೊ ಹಬ್ಬಿಸಿದವನು ಯಾರೆಂದು ವಿಚಾರಿಸಿಕೊಂಡು ನೆಟ್ಟಗೆ ಅವನ ಮೊಬೈಲ್ ರಿಪೇರಿ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕುಳಿತಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ತಮ್ಮಾ, ಆ ವಿಡಿಯೊ ನನಗೂ ತೋರ್ಸಪಾ. ದೊಡ್ಡದ ಮಾಡಿ ತೋರ್ಸು, ನನಗ ಕಣ್ಣ ಸಾಲವಲ್ವು."

ಅವನು ಉತ್ಸಾಹದಿಂದಲೇ ತೋರಿಸಿದ. ಅವಳು ಗಲ್ಲಕ್ಕೆ ಕೈ ಹಚ್ಚಿ ನೋಡಿದಳು.

"ಇದ ಯಾವ ಊರೋ?"

"ನಮ್ಮ ಕಡೀದ ಅಂತರಿ, ಬಾಯಿ."

"ಹೌದಾ? ನಮ್ಮ ಕಡೆ ರಸ್ತಾದ ಬಾಜೂಕ ಸಮುದ್ರ ಯಾವಾಗ ಬಂತೋ? ನಿಪ್ಪಾಣಿಗಿ ಸಮುದ್ರ ಬಂದೈತಿ ಅಂದ್ರ ನಾ ಮೀನ ತರಾಕ ದೂರ ಹೋಗೂದ ತಪ್ಪತೈತಲಾ."

ಅಂಗಡಿಯಲ್ಲಿದ್ದವರೆಲ್ಲ ಬಗ್ಗಿ ನೋಡಿದರು. ಹಿಂದೆ ನೀಲಿ ಸಮುದ್ರ ಹೊಯ್ದಾಡುತ್ತಿತ್ತು. ಯಾರೋ ಕಿಸಕ್ಕನೆ ನಕ್ಕರು. ಹುಡುಗನ ಮುಖ ಸಣ್ಣದಾಯಿತು.

"ನೀವ ಯಾರ ಬಾಯಿ?"

"ಜೈಬುನ್ನಿಸಾ ಅಂತ. ಈಗ ಒಂದೀಟ ನೀರ ಕೊಡ."

ಅವನು ಕೊಟ್ಟ. ವಿಡಿಯೊವನ್ನು ಅಳಿಸಿಯೂ ಹಾಕಿದ. ಹೊರಗೆ ಬಂದ ಮೇಲೆ ಜೈಬು ಬಸ್ ಸ್ಟ್ಯಾಂಡಿನವರೆಗೂ ನನ್ನ ಸೆರಗು ಬಿಡಲಿಲ್ಲ. ನಿಮಗೆ ಇದು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ನಗಿಸುವಾಗಲೂ ಅವಳಿಗೆ ಅಂಜಿಕೆ ಇರುತ್ತಿತ್ತು.

ಇನ್ನು ಹೊಳೆ ದಂಡೆಯ ಆ ಊರಿನ ಮಾತು. ಹೊಳೆ ಉಕ್ಕಿ ಬಂದ ವರ್ಷ ಊರಿನ ಎರಡೂ ಓಣಿಯವರು ಎತ್ತರದ ಶಾಲೆಯಲ್ಲಿ ಒಟ್ಟಿಗೆ ಇದ್ದರು. ಒಂದೇ ಪಡಸಾಲೆ, ಸಾಲು ಒಲೆಗಳು. ಹಸಿದ ದಿನಗಳು. ಮಸೂತಿ ಓಣಿಯ ಒಂದು ಒಲೆಯ ಮೇಲೆ ಒಣಮೀನು ಬೆಂದಿತು. ಪಕ್ಕದ ಒಲೆ ಬಸ್ತಿ ಓಣಿಯ ಪದ್ಮಕ್ಕನದು. ಮೀನಿನ ವಾಸನೆಗೆ ಅವಳು ತನ್ನ ಅನ್ನದ ಪಾತ್ರೆಯನ್ನೇ ಹೊರಗೆ ಚೆಲ್ಲಿದಳು. ಮೀನು ಬೇಯಿಸಿದವಳು ಬಳೆಗಾರ್ತಿ ರಾಜ್ಮಾ. ಹಸಿದ ಮಕ್ಕಳ ಮುಂದೆ ಅನ್ನ ಚೆಲ್ಲಿದ್ದನ್ನು ಅವಳು ಮರೆಯಲಿಲ್ಲ. ಆಡಬಾರದ ಮಾತುಗಳನ್ನು ಇಬ್ಬರೂ ಆಡಿದರು. ನೀರು ಇಳಿಯಿತು, ಮಾತು ಇಳಿಯಲಿಲ್ಲ. ಬಸ್ತಿ ಓಣಿಯ ಎಲ್ಲ ಮದುವೆಗಳಿಗೂ ಹಸಿರು ಬಳೆ ಇಡಿಸುತ್ತಿದ್ದವಳು ರಾಜ್ಮಾ. ಆಮೇಲೆ ಆ ಓಣಿಯವರು ಬಳೆಗೆ ಮಿರಜಿಗೆ ಹೋಗತೊಡಗಿದರು. ರಾಜ್ಮಾಳ ಬಳೆಯ ಬುಟ್ಟಿ ಗೋಡೆಯ ಗೂಟಕ್ಕೆ ಏರಿತು.

ನಾನು ಮೊದಲ ಸಲ ಅವಳ ಮನೆಗೆ ಹೋಗಿ ನೀರು ಕೇಳಿದಾಗ ಅವಳು ನನ್ನ ಹೆಸರು ಕೇಳಿ, ಸೊಂಟಕ್ಕೆ ಕೈ ಇಟ್ಟು ನಿಂತಳು.

"ನೀ ಬಸ್ತಿಯಾಕಿ. ನಮ್ಮ ನೀರ ಸೋಸಿದ್ದ ಇರಂಗಿಲ್ಲವಾ. ನಡೀತೈತೇನ ನಿನಗ?"

"ಸೋಸಿ ಕೊಡು" ಎಂದೆ. ನಮ್ಮಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ.

ಅವಳು ಒಳಗೆ ಹೋಗಿ ಪೆಟ್ಟಿಗೆಯಿಂದ ಹೊಸ ಬಿಳಿ ಬಟ್ಟೆ ತಂದು, ನಾಲ್ಕು ಮಡಿಕೆ ಮಾಡಿ, ತಂಬಿಗೆಯ ಬಾಯಿಗೆ ಹಿಡಿದು ನೀರು ಸೋಸಿದಳು. ಬಾಗಿಲ ಬಿಸಿಲಿನಲ್ಲಿ ಆ ನೀರು ದಾರದಂತೆ ಇಳಿಯುತ್ತಿದ್ದುದು ನನ್ನ ಕಣ್ಣಿನಲ್ಲಿ ಇನ್ನೂ ಇದೆ. ಅಂದಿನಿಂದ ಆ ಬಟ್ಟೆ ಅವಳ ಕೊಡದ ಮೇಲೆಯೇ ಉಳಿಯಿತು.

ಆಚೆ ಓಣಿಯಲ್ಲಿ ಪದ್ಮಕ್ಕ ಜೈಬುವನ್ನು ಕಟ್ಟೆಯ ಕೆಳಗೆ ನಿಲ್ಲಿಸಿ, ಬೊಗಸೆಗೆ ಮೇಲಿನಿಂದ ನೀರು ಸುರಿದಳು. ಜೈಬು ಕುಡಿದು, "ತಣ್ಣಗ ಐತ್ರಿ ಅಕ್ಕಾರ" ಎಂದು ಬಂದಳು. ಮರಳಿ ಬರುವಾಗ ಅವಳ ತೋಳು ಮೊಣಕೈಯವರೆಗೆ ಒದ್ದೆಯಾಗಿತ್ತು.

"ಸಿಟ್ಟ ಬರಲಿಲ್ಲೇನ?" ಎಂದು ಕೇಳಿದೆ.

"ಬಂತ. ಆದರ ನೀರಡಿಕೀನೂ ಆಗಿತ್ತ" ಎಂದಳು.

ಹೀಗೆ ಹೋಗುತ್ತಲೇ ಇದ್ದೆವು. ಮಳೆಗಾಲ ಕಳೆದು ಚಳಿ ಬಂತು. ಒಂದು ದಿನ ಪದ್ಮಕ್ಕ ನೀರು ಸುರಿಯುವುದನ್ನು ನಡುವೆ ನಿಲ್ಲಿಸಿ, ಬೇರೆ ಕಡೆ ನೋಡುತ್ತ ಕೇಳಿದಳಂತೆ, "ಆ ರಾಜ್ಮಾ ಆರಾಮ ಅದಾಳೇನ?" ಅಗಸಿಗೆ ಬಂದ ಜೈಬು ನನ್ನ ಎರಡೂ ಕೈ ಹಿಡಿದುಕೊಂಡಳು.

ಊಟ ಇಡೋಣವೆಂದು ನಿರ್ಧರಿಸಿದ್ದು ಆಮೇಲೆ. ಶಾಲೆಯ ಅಂಗಳದಲ್ಲಿ, ಆ ಒಲೆಗಳು ಉರಿದಿದ್ದ ಜಾಗದಲ್ಲಿಯೇ. ಬಸ್ತಿಯವರಿಗೂ ನಡೆಯುವಂತೆ ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದ ಅಡುಗೆ: ಗೋಧಿ ಹುಗ್ಗಿ, ರೊಟ್ಟಿ, ಹೆಸರುಕಾಳಿನ ಪಲ್ಯ. ಆ ವರ್ಷ ರಮಜಾನ್ ಬೇಸಿಗೆಗೆ ಬಂದಿತ್ತು. ನಿಯಮದಂತೆ ನಾನು ಮಸೂತಿ ಓಣಿಯನ್ನು ಕರೆದೆ, ಜೈಬು ಬಸ್ತಿ ಓಣಿಯನ್ನು ಕರೆದಳು. ಉಪವಾಸದವರಿಗೆ ಅನುಕೂಲವಾಗಲೆಂದು ನಾನು, "ಹೊತ್ತು ಮುಳುಗಿದ ಮ್ಯಾಲ ಊಟ" ಎಂದು ಹೇಳಿ ಬಂದೆ. ಜೈಬು ಬಸ್ತಿಯವರಿಗೆ ಅನುಕೂಲವಾಗಲೆಂದು, "ಹೊತ್ತು ಮುಳುಗೂದರಾಗ ಊಟ" ಎಂದು ಹೇಳಿ ಬಂದಳು. ನಾನು ಅವಳವರನ್ನು ನೆನೆದೆ, ಅವಳು ನನ್ನವರನ್ನು ನೆನೆದಳು. ಹೇಳಿದ ಹೊತ್ತನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ಬಸ್ತಿ ಓಣಿಯವರು ಬಿಸಿಲಿರುವಾಗಲೇ ಬಂದು ಸಾಲಾಗಿ ಕುಳಿತರು. ಮಸೂತಿ ಓಣಿಯ ಹೆಂಗಸರು ಇಫ್ತಾರಿನ ಹಣ್ಣು ಹೆಚ್ಚುತ್ತ ಆಚೆ ಬೇವಿನ ಕೆಳಗೆ ಇದ್ದರು. ಎದುರಿನ ಎಲೆಗಳೆಲ್ಲ ಖಾಲಿ. ಪದ್ಮಕ್ಕನ ದನಿ ಏರಿತು.

"ನಾವ ಒಬ್ಬರ ಉಂಡ ಹೋಗೂದಕ ಇಲ್ಲಿತನ ಯಾಕ ಬರಬೇಕಿತ್ತ? ನಮ್ಮ ಸಾಲಿಗಿ ಕೂಡಾಕ ಅವರಿಗಿ ಆಗೂದಿಲ್ಲೇನ?"

"ನಮಗ ರೋಜಾ ಐತಿ, ಈಗ ಹೆಂಗ ಉಣ್ಣೂನು? ನೀವ ತಡೀರಿ" ಎಂದು ಆ ಕಡೆಯಿಂದ ಯಾರೋ ಅಂದರು.

"ಕತ್ತಲಾದ ಮ್ಯಾಲ ನಾವ ಹೆಂಗ ಉಣ್ಣೂನು?"

ಚಿಕ್ಕೋಡಿಯಿಂದ ಕ್ಯಾಮರಾ ತಂದಿದ್ದ ನಮ್ಮ ಸರ್ ನನ್ನ ಹತ್ತಿರ ಬಂದು ಪಿಸುಗುಟ್ಟಿದರು. "ಸುಶೀಲಾಬಾಯಿ, ಎಲ್ಲಾರೂ ಉಣ್ಣೂದು ಒಂದ ಫೋಟೊದಾಗ ಬರಬೇಕ್ರಿ. ವರದಿಗೆ ಬೇಕು."

ಜೈಬುವಿಗೆ ಅದು ಕೇಳಿಸಿತು. "ಸೂರ್ಯಾಗ ಹೇಳ್ರಿ ಸರ, ನಡುವ ಒಂದೀಟ ನಿಂದರಪಾ ಅಂತ."

ಅವಳು ಅಂದದ್ದು ಗಟ್ಟಿಯಾಗಿತ್ತು. ಎರಡೂ ಕಡೆ ನಗೆ ಎದ್ದಿತು. ಆ ನಗೆ ಇನ್ನೂ ಆರುವ ಮೊದಲೇ ರಾಜ್ಮಾ ಬೇವಿನ ಕೆಳಗಿನಿಂದ ಎದ್ದು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಗ್ಗಿಯ ಬಕೀಟು ಎತ್ತಿದಳು. ಬೆಳಗಿನಿಂದ ಗುಟುಕು ನೀರೂ ಕುಡಿಯದ ತುಟಿಗಳು ಒಣಗಿದ್ದವು. ನೆಟ್ಟಗೆ ಪದ್ಮಕ್ಕನ ಎಲೆಯ ಮುಂದೆ ನಿಂತಳು.

"ಉಣ್ಣಾಕ ಬರೂದಿಲ್ಲ ನನಗ. ನೀಡಾಕ ಬರತೈತಿ. ಚೆಲ್ಲೂದಿಲ್ಲಂದ್ರ ನೀಡ್ತೇನಿ."

ಪದ್ಮಕ್ಕ ತಲೆ ಎತ್ತಲಿಲ್ಲ. ಎಲೆಯನ್ನು ಎರಡೂ ಕೈಯಿಂದ ಸ್ವಲ್ಪ ಮುಂದಕ್ಕೆ ಸರಿಸಿದಳು. ರಾಜ್ಮಾ ನೀಡಿದಳು. ಸಾಲಿನ ಕೊನೆಯವರೆಗೂ ಅವಳೇ ನೀಡಿದಳು. ಹೊತ್ತು ಮುಳುಗುತ್ತಿದ್ದಂತೆ ಪದ್ಮಕ್ಕ ಕೈ ತೊಳೆದು ಎದ್ದು, "ಏಳ್ರೇ, ಈಗ ನಮ್ಮ ಪಾಳಿ" ಎಂದು ತನ್ನ ಓಣಿಯವರನ್ನು ಎಬ್ಬಿಸಿದಳು. ಮಸೂತಿಯ ಕೂಗು ಬಂತು. ಖರ್ಜೂರದ ತಾಟು ಹಿಡಿದು ಅವಳು ಬೇವಿನ ಕಡೆ ನಡೆದಳು. ಬೆಳಕು ಇತ್ತೋ ಇಲ್ಲವೋ ಎಂಬಂತಹ ಹೊತ್ತು ಅದು. ಸೀರೆಗಳ ಬಣ್ಣ ಹೋಗಿ ಎಲ್ಲರೂ ಒಂದೇ ನೆರಳಿನಂತೆ ಕಾಣುತ್ತಿದ್ದರು. ಯಾರು ನೀಡುವವರು, ಯಾರು ಉಣ್ಣುವವರು ಎಂದು ಗೊತ್ತಾಗುತ್ತಿರಲಿಲ್ಲ. ಸರ್‌ಗೆ ಒಳ್ಳೆಯ ಫೋಟೊ ಒಂದೂ ಸಿಗಲಿಲ್ಲ.

ಅಂದಿನಿಂದ ಪ್ರತಿ ರಮಜಾನಿಗೆ ಅದೇ ರೀತಿ ನಡೆಯಿತು. ಮೊದಲ ಪಂಕ್ತಿಗೆ ಉಪವಾಸದವರು ನೀಡುವುದು, ಎರಡನೆಯ ಪಂಕ್ತಿಗೆ ಉಂಡವರು ನೀಡುವುದು. ರಾಜ್ಮಾಳ ಬಳೆಯ ಬುಟ್ಟಿ ಗೂಟದಿಂದ ಇಳಿಯಿತು. ನಾವು ನಿವೃತ್ತರಾದ ಮೇಲೂ ಆ ಒಂದು ಸಂಜೆಗೆ ಮಾತ್ರ ತಪ್ಪದೆ ಹೋಗಿ, ಅಗಸಿಯಲ್ಲಿ ಬೇರೆಯಾಗಿ, ಓಣಿಗಳನ್ನು ಕರೆದು ಬರುತ್ತಿದ್ದೆವು.

ಜೈಬು ಕೊನೆಗೆ ಮಿರಜಿನ ಆಸ್ಪತ್ರೆಯಲ್ಲಿದ್ದಳು. ನಾನು ದಿನವೂ ಹೋಗುತ್ತಿದ್ದೆ. ಮಾತು ನಿಂತುಹೋಗಿತ್ತು. ಒಂದು ಸಂಜೆ ಅವಳ ಮಂಚದ ಪಕ್ಕ ಕುಳಿತು ನಾನು ಎಲ್ಲವನ್ನೂ ಮರೆತಿದ್ದೆ. ಹೊದಿಕೆಯೊಳಗಿನಿಂದ ಅವಳ ಕೈ ಹೊರಗೆ ಬಂತು. ಕಿಟಕಿಯ ಕಡೆ ಬೆರಳು ತೋರಿಸಿದಳು. ಗಾಜಿನಲ್ಲಿ ಕೆಂಪು ಇಳಿಯುತ್ತಿತ್ತು. ನಾನು ಚೀಲದಿಂದ ರೊಟ್ಟಿ ತೆಗೆದು ಅವಳ ಎದುರಿಗೇ ತಿಂದೆ. ತಿಂದು ಮುಗಿಯುವವರೆಗೆ ನೋಡಿ, ಕಣ್ಣು ಮುಚ್ಚಿದಳು. ಅದಾದ ಮೇಲೆ ಅವಳು ನನಗೆ ಹೊತ್ತು ತೋರಿಸಲಿಲ್ಲ.

ಮಣ್ಣಿಗೆ ಗಂಡಸರು ಹೋದರು. ನಾನು ಅವಳ ಮನೆಯ ಹೆಂಗಸರ ನಡುವೆ ಕುಳಿತಿದ್ದೆ. ಆಮೇಲಿನ ಸಂಜೆಗಳ ಲೆಕ್ಕ ನನಗಿಲ್ಲ. ಮನೆಯ ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆ. ಬೀದಿದೀಪ ಹತ್ತಿದಾಗಷ್ಟೇ ಹೊತ್ತು ಹೋಯಿತೆಂದು ತಿಳಿಯುತ್ತಿತ್ತು. ಆಗ ಉಣ್ಣುವಂತಿರಲಿಲ್ಲ. ಸೊಸೆ ಬೇಸರದಿಂದ ತಾಟು ಮುಚ್ಚಿಡುತ್ತಿದ್ದಳು. ಹಸಿವೂ ಆಗುತ್ತಿರಲಿಲ್ಲ.

ಈ ಸಲ ರಮಜಾನ್ ಚಳಿ ಬಿಡುವ ಹೊತ್ತಿಗೆ ಬಂತು. ರಾಜ್ಮಾ ಫೋನ್ ಮಾಡಿದಳು.

"ಅಕ್ಕಾ, ದೀಪಾವಳ್ಯಾಗ ಪಟಾಕಿ ಸಂಬಂಧ ಹುಡುಗೋರು ಜಗಳಾ ತಗದಾರ. ಬಸ್ತಿ ಓಣ್ಯಾವ್ರು, ಜೈಬು ಬಂದ ಕರೀಲಾರದ ನಾವ ಹೆಂಗ ಬರೂದು ಅನ್ನಾಕತ್ತಾರ. ನಮ್ಮವ್ರು, ಅವರ ಬರಲಿಲ್ಲಂದ್ರ ನಮಗೂ ಬ್ಯಾಡ ಅಂತಾರ. ಈ ವರ್ಷ ತಪ್ಪಿದ್ರ ಮತ್ತ ಕೂಡೂದಿಲ್ಲವಾ ಇದ."

"ನಾನೊಬ್ಬಳೇ ಬಂದು ಏನು ಮಾಡಲಿ?" ಎಂದೆ.

"ಬರ್ರಿ ಮೊದಲ" ಎಂದು ಫೋನ್ ಇಟ್ಟಳು.

ಹೋದೆ. ಅಂಕಲಿ ಸೇತುವೆಯ ಮೇಲೆ ಬಸ್ಸು ಹೋಗುವಾಗ ಹೊಳೆಯ ನೀರು ಬೆಳ್ಳಗೆ ಮಲಗಿತ್ತು. ತೂಕಡಿಕೆಯಲ್ಲಿ ಪಕ್ಕದವಳಿಗೆ ಏನೋ ಹೇಳಲು ಹೊರಳಿದೆ. ಅಲ್ಲಿ ಯಾರದೋ ಗಂಟು ಇತ್ತು.

ಊರ ಅಗಸಿಗೆ ಬಂದು ನಿಂತಾಗ ನನ್ನ ಕಾಲು ಮುಂದೆ ಹೋಗಲಿಲ್ಲ. ಎಡಕ್ಕೆ ಮಸೂತಿ ಓಣಿ, ಬಲಕ್ಕೆ ಬಸ್ತಿ ಓಣಿ. ಎಡಕ್ಕೆ ಹೋದರೆ ಬಲಗಡೆಯವರನ್ನು ಕರೆಯುವವರಿಲ್ಲ. ಬಲಕ್ಕೆ ಹೋದರೆ, ತನ್ನವರ ಕಡೆ ಹೋದಳು ಎಂದಾಗುತ್ತದೆ. ಅಲ್ಲಿಯೇ ಕಟ್ಟೆಯ ಮೇಲೆ ಕುಳಿತೆ. ಕಬ್ಬಿನ ಟ್ರ್ಯಾಕ್ಟರುಗಳು ಧೂಳೆಬ್ಬಿಸಿಕೊಂಡು ಹೋದವು. ಬಲಗಡೆಯಿಂದ ಪದ್ಮಕ್ಕ ಕೋಲು ಊರುತ್ತ ಬಂದಳು.

"ಯಾಕವಾ, ಭಿಕ್ಷೆಕ್ಕ ಕುಂತಾಕಿಗತೆ ಇಲ್ಲೆ ಕುಂತಿ?"

"ನಿಮ್ಮ ಓಣಿಗೆ ಹೋಗುವವಳು ಇಲ್ಲವಲ್ಲ ಅಕ್ಕಾ" ಎಂದೆ.

"ನಮ್ಮ ಓಣಿ ಚಿಂತಿ ನಿನಗ ಯಾಕ? ಮುಂಜಾನೆ ರಾಜ್ಮಾ ಬಂದಿದ್ಲು." ಪದ್ಮಕ್ಕ ನನ್ನ ಪಕ್ಕದಲ್ಲಿ ಕುಳಿತಳು. "ಹೊಸ್ತಲದಾಗ ನಿಂತ ನೀರ ಕೇಳಿದ್ಲು. ನಾ ತಂಬಗಿ ತಂದ ಕೊಟ್ಟೆ. ಇಸಗೊಂಡ ಮ್ಯಾಲ ನೆನಪಾತ ನೋಡ ಆ ಹುಚ್ಚೀಗಿ, ರೋಜಾ ಐತಿ ಅಂತ. ಕುಡಿಯಾಕ ಬರವಲ್ದು, ತಿರಗಿ ಕೊಡಾಕ ಮನಸಿಲ್ಲ. ತಂಬಗಿ ಎದೀಗಿ ಹಿಡಕೊಂಡ ಅಲ್ಲೇ ಕುಂತ್ಲು. ಮನೀ ಮನೀಗಿ ಹಂಗ ಮಾಡ್ಯಾಳ. ಓಣಿ ತುಂಬ ನೀರ ಬೇಡಿ ಒಂದ ಹನಿ ಕುಡದಿಲ್ಲ. ಹಂಗ ಕರದ್ರ ಬರದ ಇರಾಕ ಆಕ್ಕೈತೇನ?"

ಅವಳು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಏಳ, ನೀ ನಿನ್ನ ಓಣಿಗಿ ಹೋಗ" ಎಂದು ಕೋಲಿನಿಂದ ಮಸೂತಿಯ ಕಡೆ ತೋರಿಸಿದಳು.

ಸಂಜೆ ಶಾಲೆಯ ಅಂಗಳದಲ್ಲಿ ಎಲೆಗಳು ಬಿದ್ದವು. ಬಂದವರು ಮೊದಲಿನಷ್ಟು ಇರಲಿಲ್ಲ. ಪಟಾಕಿಯ ಜಗಳದ ಹುಡುಗರಲ್ಲಿ ಕೆಲವರು ಗೇಟಿನ ಹೊರಗೇ ನಿಂತಿದ್ದರು. ಆದರೂ ಸಾಲು ಸಾಲಾಗಿಯೇ ಇತ್ತು. ಉಪವಾಸದ ಹೆಂಗಸರು ಬಕೀಟು ಹಿಡಿದು ಓಡಾಡುತ್ತಿದ್ದರು. ನಾನು ಗೋಡೆಗೆ ಆತು ನಿಂತಿದ್ದೆ. ಪಂಕ್ತಿಯಲ್ಲಿ ಜೈಬು ನೀಡುತ್ತ ನಡೆಯುತ್ತಿದ್ದ ದಾರಿಯನ್ನು ನೋಡುತ್ತಿದ್ದೆ. ಕಬ್ಬಿನಾಚೆ ಹೊಳೆ, ಹೊಳೆಯಾಚೆ ಬೆಳಕು. ಕಣ್ಣು ಎಲ್ಲೋ ಹೋಗಿತ್ತು.

"ಏ ಸುಶೀಲಕ್ಕಾ!"

ರಾಜ್ಮಾ ಸೌಟು ಎತ್ತಿ ಹಿಡಿದು ಸಾಲಿನ ನಡುವಿನಿಂದ ಕೂಗುತ್ತಿದ್ದಳು. ತುಟಿ ಒಣಗಿತ್ತು, ದನಿ ಒಡೆದಿತ್ತು.

"ಹೊತ್ತ ಮುಳುಗಾಕತ್ತೈತಿ. ಕಾಣವಲ್ತೇನ? ಕುಂದ್ರ ಲಗೂನ, ಉಣ್ಣ!"

ಪದ್ಮಕ್ಕ ಸರಿದು ಜಾಗ ಮಾಡಿದಳು. ನಾನು ಕುಳಿತೆ. ರಾಜ್ಮಾ ಹುಗ್ಗಿ ನೀಡಿ, ಸೋಸಿದ ನೀರಿನ ತಂಬಿಗೆಯನ್ನು ಎಲೆಯ ಪಕ್ಕ ಇಟ್ಟು ಮುಂದೆ ಹೋದಳು. ಬಹಳ ದಿನಗಳ ಮೇಲೆ ನನಗೆ ಹಸಿವಾಗಿತ್ತು. ಎಲೆಯಲ್ಲಿ ಏನೂ ಬಿಡದಂತೆ ಉಂಡೆ. ಕೈ ತೊಳೆದು ಎದ್ದು, ಖರ್ಜೂರದ ತಾಟು ಹಿಡಿದು ಬೇವಿನ ಕೆಳಗೆ ಅವಳ ಪಕ್ಕದಲ್ಲಿ ನಿಂತು ಪಡುವಣದ ಕಡೆ ನೋಡತೊಡಗಿದೆ.

"ಮುಳುಗಿತು, ರಾಜ್ಮಾ" ಎಂದೆ.